ಮಾವನವರ ಬ್ಯಾಂಡಿನ ವೇಗ

ನನ್ನ ಮಾವನವರು ಜೋಳದ ರೊಟ್ಟಿ ಬಡಿಯುವ ಸದ್ದಿನಲ್ಲೂ ತಪ್ಪು ಹುಡುಕುತ್ತಿದ್ದರು. ನಾನು ಹುಬ್ಬಳ್ಳಿಯವಳು, ರೊಟ್ಟಿ ಬಡಿಯುವುದನ್ನು ಅವ್ವನ ಪಕ್ಕ ಕೂತು ಕಲಿತವಳು. ವಿಶಾಖಪಟ್ಟಣದ ಅಂಚಿನಲ್ಲಿರುವ ಪೆಂಡುರ್ತಿಯ ನಮ್ಮ ಮನೆಯಲ್ಲಿ ಅಡುಗೆಮನೆಗೂ ಅವರ ಕೋಣೆಗೂ ನಡುವೆ ಒಂದೇ ಗೋಡೆ. ಮೂರನೇ ರೊಟ್ಟಿಯ ಹೊತ್ತಿಗೆ ಅವರು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು.

"ಏನಮ್ಮಾ ಇಂಜಿನಿಯರಮ್ಮ, ರೊಟ್ಟಿ ತಟ್ತಿದ್ದೀಯೋ, ಬಾಗಿಲು ಬಡೀತಿದ್ದೀಯೋ? ನಾಲ್ಕನೇ ಏಟು ಯಾವಾಗ್ಲೂ ಮುಂಚೆ ಬೀಳುತ್ತೆ."

"ತಿನ್ನೋವಾಗ ನಾಲ್ಕನೇ ಏಟು ಗಂಟಲದಾಗ ಸಿಗಂಗಿಲ್ರಿ ಮಾವಾರ."

"ಸಿಗುತ್ತೆ. ನಿನ್ನೆ ಸಿಕ್ತು."

ಇಂಥ ಮಾತುಗಳನ್ನು ಈಗ ಬರೆಯುವಾಗ ತಮಾಷೆಯಾಗಿ ಕಾಣುತ್ತವೆ. ಆಗ ಹಾಗಿರಲಿಲ್ಲ. ಅವರು ಮನೆಯಲ್ಲಿದ್ದ ತಿಂಗಳುಗಳಲ್ಲಿ ನಾನು ರೊಟ್ಟಿ ಮಾಡುವುದನ್ನೇ ಬಿಟ್ಟೆ. ಜಗಳವಾಡುತ್ತಿದ್ದವರ ಬಗ್ಗೆ ಬರೆಯುವಾಗ ಒಳಗೊಳಗೇ ಪ್ರೀತಿ ಇತ್ತು ಎಂದು ಸೇರಿಸುವ ಅಭ್ಯಾಸ ಎಲ್ಲರಿಗೂ ಇದೆ. ನಮ್ಮಿಬ್ಬರ ನಡುವೆ ಅಂಥದ್ದೇನೂ ಇರಲಿಲ್ಲ. ನಾನು ಅವರಿಗೆ ಅವರ ಮಗನನ್ನು ಮದುವೆಯಾದ ಕರೆಂಟಿನವಳು. ಅವರು ನನಗೆ, ಏನನ್ನೂ ಬಾಯಿ ಮುಚ್ಚಿಕೊಂಡು ತಿನ್ನಲಾರದ ಒಬ್ಬ ಮನುಷ್ಯ.

ಕರೆಂಟಿನವಳು ಎಂದದ್ದು ಸುಳ್ಳಲ್ಲ. ನಾನು ಓದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್. ವಿಶಾಖಪಟ್ಟಣದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ದೊಡ್ಡ ಮೋಟಾರುಗಳ ಕಂಪನ ಅಳೆಯುವುದು ನನ್ನ ಕೆಲಸ. ಮೋಟಾರು ಹೇಗೆ ನಡುಗುತ್ತಿದೆ ಎಂಬುದನ್ನು ಕಂಪ್ಯೂಟರಿನ ಪರದೆಯ ಮೇಲೆ ಗೆರೆಗಳಾಗಿ ನೋಡಿ, ಯಾವ ಗೆರೆ ಎಲ್ಲಿರಬೇಕಿತ್ತು, ಎಲ್ಲಿದೆ ಎಂದು ಹೇಳಬೇಕು. ಗೆರೆ ತಪ್ಪು ಜಾಗದಲ್ಲಿದ್ದರೆ ನನ್ನ ಕಣ್ಣಿಗೆ ಬೀಳಲೇಬೇಕು. ಅದಕ್ಕೇ ನನಗೆ ಸಂಬಳ. ಮುಂದಿನದಕ್ಕೆ ಇದು ಬೇಕಾಗುತ್ತದೆ.

ಮಾವನವರು ಮೈಸೂರಿನವರು. ಅಲ್ಲಿ ಬ್ಯಾಂಡು ವಾದ್ಯ ಕಲಿತು, ಇಪ್ಪತ್ತರ ಆಸುಪಾಸಿನಲ್ಲಿ ವಿಶಾಖಪಟ್ಟಣದ ವಾಲ್ಟೇರಿಗೆ ಬಂದು, ರೈಲ್ವೆಯವರು ಕುಣಿಯುತ್ತಿದ್ದ ಒಂದು ಡ್ಯಾನ್ಸ್ ಹಾಲಿನ ಬ್ಯಾಂಡಿಗೆ ಸೇರಿದರು. ಹದಿನಾಲ್ಕು ಜನರ ಜಾಜ್ ಬ್ಯಾಂಡು. ಅದರ ಯಜಮಾನ ಹಗಲಿಗೆ ಟಿಕೆಟ್ ಕಲೆಕ್ಟರು, ಸಂಜೆಗೆ ಸ್ಯಾಕ್ಸೊಫೋನು. ಗೋಡೆಗೆ ಅಂಟಿಸುವ ಪೋಸ್ಟರಿನಲ್ಲಿ ಅವನ ಹೆಸರೊಂದೇ ಇರುತ್ತಿತ್ತು. ಯಾರು ಯಾವಾಗ ಏನು ಊದಬೇಕು ಎಂದು ಬರೆದುಕೊಡುತ್ತಿದ್ದವರು ನನ್ನ ಮಾವ. ಬ್ಯಾಂಡಿನಲ್ಲಿ ಅವರನ್ನು ಕರೆಯುತ್ತಿದ್ದದ್ದು 'ಕಾಗದದವನು' ಎಂದಂತೆ.

ಅವರು ಬರೆಯುತ್ತಿದ್ದ ರೀತಿಯೇ ಬೇರೆ. ಎಲ್ಲ ವಾದ್ಯಗಳನ್ನೂ ಒಂದೇ ಹಾಳೆಯಲ್ಲಿ ಒಂದರ ಕೆಳಗೊಂದು ಬರೆಯುವುದು ವಾಡಿಕೆಯಂತೆ. ಇವರು ಅದನ್ನು ಮಾಡುತ್ತಲೇ ಇರಲಿಲ್ಲ. ಒಬ್ಬೊಬ್ಬನಿಗೆ ನೇರವಾಗಿ ಅವನ ಹಾಳೆಯನ್ನಷ್ಟೇ ಬರೆಯುವುದು. ಮೂರನೆಯ ಟ್ರಾಂಬೋನಿನವನಿಗೆ ಮುಂದಿನ ಹಲ್ಲು ಇರಲಿಲ್ಲವೆಂದು ಅವನಿಗೆ ಎತ್ತರದ ಸ್ವರ ಕೊಡುತ್ತಿರಲಿಲ್ಲ. ಎರಡನೆಯ ಟ್ರಂಪೆಟ್ಟಿನವನಿಗೆ ಉಬ್ಬಸ, ಹಾಗಾಗಿ ಅವನ ಹಾಳೆಯಲ್ಲಿ ಎಂಟು ಎಣಿಕೆಗೊಮ್ಮೆ ಉಸಿರು. ಇಡೀ ಹಾಡು ಒಟ್ಟಾಗಿ ಇರುತ್ತಿದ್ದದ್ದು ಇವರ ತಲೆಯಲ್ಲಿ ಮಾತ್ರ. ಬ್ಯಾಂಡು ಒಡೆದ ಮೇಲೆ ಹದಿನಾಲ್ಕು ಹಾಳೆಗಳು ಹದಿನಾಲ್ಕು ಮನೆಗಳಿಗೆ ಹೋಗಿ ಗೆದ್ದಲಿಗೋ ಒಲೆಗೋ ಸೇರಿದವು. ಅವರು ಬರೆದ ಸಂಗೀತವನ್ನು ಓದಿ ತಿಳಿಯಲು ಜಗತ್ತಿನಲ್ಲಿ ಒಂದು ಚೂರೂ ಉಳಿಯಲಿಲ್ಲ.

ನಾನು ಬಂದ ಕಾಲಕ್ಕೂ ಅವರು ಬರೆಯುತ್ತಲೇ ಇದ್ದರು. ತೊಡೆಯ ಮೇಲೆ ಒಂದು ಕಂದು ಬಣ್ಣದ ಮುಚ್ಚಳ ಇಟ್ಟುಕೊಂಡು ಅದರ ಮೇಲೆ ಹಾಳೆ ಹರಡುವುದು. ಅದು ಅವರ ಹಳೆಯ ಟೇಪ್ ರೆಕಾರ್ಡರಿನ ಮುಚ್ಚಳ. ಬ್ಯಾಂಡನ್ನು ಟೇಪು ಮಾಡಲೆಂದು, ಬಂದರಿಗೆ ಬಂದಿದ್ದ ಅಮೆರಿಕದ ಹಡಗಿನ ನಾವಿಕನೊಬ್ಬನಿಂದ ಕೊಂಡದ್ದಂತೆ. ಯಂತ್ರ ಕೆಟ್ಟು ಗುಜರಿಗೆ ಹೋಗಿತ್ತು, ಮುಚ್ಚಳ ಉಳಿದಿತ್ತು. ಅದರ ಒಳಬದಿಯಲ್ಲಿ ಒಂದು ಸಣ್ಣ ಲೋಹದ ಪಟ್ಟಿ. ವಾರಕ್ಕೊಮ್ಮೆ ಅವರ ಕೋಣೆ ಒರೆಸುವಾಗ ಆ ಮುಚ್ಚಳವನ್ನೂ ಒರೆಸಿ ಗೋಡೆಗೆ ಒರಗಿಸಿಡುತ್ತಿದ್ದವಳು ನಾನೇ.

ವಿಜಯವಾಡದಲ್ಲಿ ನನ್ನ ನಾದಿನಿ ಇದ್ದಾಳೆ. ಬೆಂಜ್ ಸರ್ಕಲ್ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಕೆಲಸ, ಮನೆ ಒನ್ ಟೌನಿನಲ್ಲಿ. ಒಂದು ಬೇಸಿಗೆಯಲ್ಲಿ ಅವಳ ಫೋನು ಬಂತು. ಅಲ್ಲಿಯ ನಿವೃತ್ತ ಕಾಲೇಜು ಮೇಷ್ಟ್ರೊಬ್ಬರಿಗೆ ಹಳೆಯ ರೆಕಾರ್ಡು ಕೂಡಿಸುವ ಹುಚ್ಚು. ಒನ್ ಟೌನಿನ ಹಳೆ ಸಾಮಾನಿನ ಅಂಗಡಿಯಲ್ಲಿ ಅವರಿಗೆ ಐದು ಟೇಪ್ ಸುರುಳಿಗಳು ಸಿಕ್ಕಿದ್ದವು. ಡಬ್ಬಿಯ ಮೇಲೆ ಬ್ಯಾಂಡಿನ ಯಜಮಾನನ ಹೆಸರು ಇಂಗ್ಲಿಷಿನಲ್ಲಿ. ಒಳಮುಚ್ಚಳದಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಮಾವನವರ ಹೆಸರು, ಅದರ ಕೆಳಗೆ 'ಎಲ್ಲವನ್ನೂ ಬರೆದವನು ನಾನು'. ತೆಲುಗು ಓದಬಲ್ಲವರಿಗೆ ನಮ್ಮ ಲಿಪಿ ಅಷ್ಟೇನೂ ಕಷ್ಟವಲ್ಲ. ಮೇಷ್ಟ್ರು ಅಕ್ಷರ ಕೂಡಿಸಿ ಓದಿ, ಇದು ಕನ್ನಡ ಎಂದು ತಿಳಿದು, ಊರಿನ ಕನ್ನಡದವರನ್ನೆಲ್ಲ ವಿಚಾರಿಸುತ್ತ ನನ್ನ ನಾದಿನಿಯವರೆಗೂ ಬಂದಿದ್ದರು.

ಸುದ್ದಿ ಕೇಳಿ ಮಾವನವರು ಹಿಗ್ಗಲಿಲ್ಲ. "ಐವತ್ತು ವರ್ಷ ಆದ್ಮೇಲೆ ಒಬ್ಬ ಓದಿದ" ಎಂದರು. ಆಮೇಲೆ ದಿನಕ್ಕೆ ಮೂರು ಸಲ ಫೋನಿನ ಹತ್ತಿರ ಸುಳಿದಾಡಿದರು.

ಮೇಷ್ಟ್ರ ಬಳಿ ಸುರುಳಿ ನುಡಿಸುವ ಯಂತ್ರ ಇರಲಿಲ್ಲ. ನಮ್ಮ ಕಾರ್ಖಾನೆಯ ಕ್ಲಬ್ಬಿನ ಗೋದಾಮಿನಲ್ಲಿ ಒಂದು ಇತ್ತು. ಸುರುಳಿಗಳು ನಮ್ಮ ಮನೆಗೆ ಬಂದವು. ನಾನು ಯಂತ್ರದ ಬೆಲ್ಟು ಬದಲಿಸಿ, ವೇಗ ಅಳೆದು ಸರಿಯಿದೆಯೆಂದು ಖಾತ್ರಿ ಮಾಡಿಕೊಂಡು, ಟೇಪಿನಲ್ಲಿದ್ದದ್ದನ್ನು ಕಂಪ್ಯೂಟರಿಗೆ ಇಳಿಸಿ ಸಿ.ಡಿ. ಮಾಡುವುದು ಎಂದಾಯಿತು. ಬೆಂಜ್ ಸರ್ಕಲ್ ಬಳಿಯ ಒಂದು ಸಣ್ಣ ಹಾಲಿನಲ್ಲಿ ಮೇಷ್ಟ್ರು ಅದನ್ನು ತಮ್ಮ ಗೆಳೆಯರ ಬಳಗಕ್ಕೆ ಕೇಳಿಸುವುದು, ಮಾವನವರಿಗೆ ಶಾಲು ಹೊದಿಸುವುದು. ಹಾಳೆಗಳಿಲ್ಲ, ಬ್ಯಾಂಡಿನವರಲ್ಲಿ ಅವರನ್ನು ಬಿಟ್ಟು ಬದುಕಿದ್ದವರು ಯಾರೂ ಇಲ್ಲ. ಆ ಮನುಷ್ಯ ಏನು ಬರೆದಿದ್ದ ಎಂಬುದಕ್ಕೆ ಆ ಟೇಪುಗಳನ್ನು ಬಿಟ್ಟು ಬೇರೆ ಸಾಕ್ಷಿ ಇರಲಿಲ್ಲ. ಅವು ನನ್ನ ಕೈಯಲ್ಲಿದ್ದವು. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಎರಡು ಭಾನುವಾರ ಕೂತು ಕೆಲಸ ಮುಗಿಸಿದೆ. ಟೇಪಿನಲ್ಲಿ ಸಂಗೀತದ ಹಿಂದೆ ಒಂದೇ ಸಮ ಗುಂಯ್ ಎನ್ನುವ ಸದ್ದಿತ್ತು. ನಾವು ಅದನ್ನು ಹಮ್ ಎನ್ನುತ್ತೇವೆ. ಟ್ಯೂಬ್‌ಲೈಟು, ಫ್ರಿಜ್ಜು, ಟ್ರಾನ್ಸ್‌ಫಾರ್ಮರು ಎಲ್ಲದರಲ್ಲೂ ಇರುವ ಕರೆಂಟಿನ ಸದ್ದು. ಆ ಸದ್ದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬ ಸಂಖ್ಯೆಯನ್ನು ಕಂಪ್ಯೂಟರಿಗೆ ಕೊಟ್ಟರೆ ಅದನ್ನಷ್ಟೇ ಅಳಿಸುತ್ತದೆ. ಅಳಿಸಿದೆ.

ಮಾವನವರು ಸಿ.ಡಿ. ಕೇಳಿದ್ದು ನಮ್ಮ ಹಾಲಿನಲ್ಲಿ, ಒಂದು ಸಂಜೆ. ಮೊದಲ ಹಾಡು ಅರ್ಧಕ್ಕೆ ಬರುವುದರೊಳಗೆ ಎದ್ದು ನಿಂತರು.

"ಇದು ನನ್ನದಲ್ಲ."

"ಡಬ್ಬಿ ಒಳಗ ನಿಮ್ಮ ಹೆಸರೇ ಐತಲ್ರಿ."

"ಹಾಡು ನನ್ನದು. ಇದು ನನ್ನದಲ್ಲ. ನಾನು ಬರೆದದ್ದು ಬಿ ಫ್ಲಾಟ್ ಶ್ರುತಿಯಲ್ಲಿ. ಇದು ಡಿ ಫ್ಲಾಟ್‌ನಲ್ಲಿದೆ, ಮೂರು ಅರ್ಧ ಸ್ವರ ಮೇಲೆ. ಇಷ್ಟು ಎತ್ತರಕ್ಕೆ ಊದಿದ್ರೆ ನನ್ನ ಟ್ರಂಪೆಟ್ಟಿನವರು ಅಲ್ಲೇ ಸಾಯ್ತಿದ್ರು. ಏನ್ ಮಾಡಿದೀಯ ಇದಕ್ಕೆ?"

"ನಾ ಏನೂ ಮಾಡಿಲ್ಲ. ಟೇಪಿನಾಗ ಹೆಂಗ ಐತೋ ಹಂಗ ಬಂದೈತಿ. ಮಿಷನ್ ವೇಗ ನಾನೇ ಅಳದೀನಿ."

ಹಾಡುಗಳ ನಡುವೆ ಒಬ್ಬ ಗಂಡಸು 'ವನ್, ಟೂ' ಎಂದು ಎಣಿಸುವುದು ಕೇಳುತ್ತಿತ್ತು. ಸಣ್ಣ ದನಿ, ಗಿಳಿಯಂಥದ್ದು.

"ಅದು ಯಾರು?" ಎಂದರು.

"ನೀವೇ. ಆಗ ಸಣ್ಣವರಿದ್ರಿ."

"ನನಗೆ ಆಗ ಮೂವತ್ತು ವರ್ಷ ಕಣಮ್ಮಾ, ಹದಿಮೂರಲ್ಲ!"

ನನ್ನ ಗಂಡ ನಡುವೆ ಬಂದ. ಅವನು ಹುಟ್ಟಿ ಬೆಳೆದದ್ದು ಇಲ್ಲೇ. ಕೋಪ ಬಂದಾಗ, ಭಯವಾದಾಗ ಅವನಿಗೆ ತೆಲುಗೇ ಬರುವುದು. "ನಾನ್ನಾ, ವದಿಲೇಯಂಡಿ. ಚೆನ್ನಾಗೇ ಇದೆ ಅಲ್ವಾ, ಬಿಟ್ಟುಬಿಡಿ."

ಆಗ ನಾನು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. ನನ್ನ ನೆನಪನ್ನು ನಾನು ಸುಮ್ಮನೆ ನಂಬುವವಳಲ್ಲ, ಆದರೆ ಇದನ್ನು ಹೇಳುವಾಗ ಆದ ಸಂತೋಷವೂ ನೆನಪಿರುವುದರಿಂದ ನಂಬುತ್ತೇನೆ. "ವಯಸ್ಸಾದವರಿಗೆ ಕಿವಿಯೊಳಗ ಸ್ವರ ಮ್ಯಾಲೇರಿ ಕೇಳಸ್ತಾವಂತ್ರಿ, ಮಾವಾರ. ಎಲ್ಲೋ ಓದೀನಿ. ಟೇಪು ಸರಿ ಐತಿ. ಕಿವಿ ತೋರಸ್ಕೊಳ್ರಿ."

ಅವರು ಕೂಗಾಡಲಿಲ್ಲ. ತಲೆಯೆತ್ತಿ ಟ್ಯೂಬ್‌ಲೈಟು ನೋಡಿದರು. "ಅದರ ಗುಂಯ್ ಯಾವ ಸ್ವರ ಗೊತ್ತಾ? ಜಿ. ಕೂದಲೆಳೆಯಷ್ಟು ಮೇಲೆ. ಐವತ್ತು ವರ್ಷದ ಹಿಂದೆ ಆ ಡ್ಯಾನ್ಸ್ ಹಾಲಲ್ಲೂ ಅದೇ ಜಿ, ಇವತ್ತು ನಿನ್ನ ಮನೇಲೂ ಅದೇ ಜಿ. ನನ್ನ ಕಿವಿ ಏರಿಲ್ಲ. ಹಾಲಲ್ಲಿ ಮಾಡಿದ ಟೇಪಲ್ಲಿ ಆ ಗುಂಯ್ ಇರ್ಲೇಬೇಕು. ಕೇಳಿಸು, ಅದು ಯಾವ ಸ್ವರದಲ್ಲಿದೆ ನೋಡೇಬಿಡೋಣ."

"ಅದನ್ನ ತಗದೀನಿ. ಸುರುಳಿ, ಮಿಷನ್ ಎರಡೂ ವಾಪಸ್ ಕೊಟ್ಟೀನಿ."

"ಯಾಕೆ?"

"ಹೊಲಸು ಅದು. ಕೇಳೋರಿಗೆ ತ್ರಾಸು."

"ಸಾಕ್ಷೀನೇ ಒರೆಸಿ ಹಾಕಿ, ಮನೆ ಸ್ವಚ್ಛ ಮಾಡ್ದೆ ಅಂತೀಯ."

ಈ ಜಗಳ ನಡೆದದ್ದು ವಿಜಯವಾಡದ ಕಾರ್ಯಕ್ರಮಕ್ಕಿಂತ ಮೊದಲೋ, ಆಮೇಲೋ? ನಾನು ಬಹಳ ಕಾಲ ನಂಬಿದ್ದು ಹೀಗೆ: ಬಿ ಫ್ಲಾಟಿನ ಮಾತು ಕಾರ್ಯಕ್ರಮಕ್ಕೆ ಮೊದಲು, ಟ್ಯೂಬ್‌ಲೈಟಿನ ಮಾತು ಅದಾದ ಮೇಲೆ. ಎರಡನ್ನೂ ಒಂದೇ ಸಂಜೆಗೆ ಸೇರಿಸಿ ಇಲ್ಲಿ ಬರೆದಿರುವುದು ನನ್ನ ಗಂಡನ ಮಾತಿನ ಮೇಲೆ. ಎರಡೂ ಒಂದೇ ಸಂಜೆ, ಕಾರ್ಯಕ್ರಮಕ್ಕಿಂತ ಮೊದಲು, ಎಂದು ಅವನು ಗಟ್ಟಿಯಾಗಿ ಹೇಳುತ್ತಾನೆ. ಆ ದಿನದ ಡೈರಿಯಲ್ಲಿ ನಾನು ಬರೆದಿರುವುದು ಇಷ್ಟೇ: 'ಜಗಳ. ಬರೆಯಲು ಮನಸ್ಸಿಲ್ಲ.'

ಸಿ.ಡಿ. ಕೇಳಿಸಬಾರದು ಎಂದು ಅವರು ಹಟ ಹಿಡಿದರು. ಮೇಷ್ಟ್ರು ಎಲ್ಲರನ್ನೂ ಕರೆದಾಗಿತ್ತು. ನಾನೇ ಅವರಿಗೆ ಫೋನು ಮಾಡಿ, "ಮಾವನವರಿಗೆ ವಯಸ್ಸಾಗಿದೆ, ಕಿವಿ ಸರಿಯಿಲ್ಲ, ಗಾಬರಿ, ನೀವು ಮುಂದುವರಿಸಿ" ಎಂದೆ. ಅದು ಡೈರಿಯಲ್ಲಿದೆ.

ಕಾರ್ಯಕ್ರಮಕ್ಕೆ ಮೂವತ್ತು ಜನ ಬಂದಿದ್ದರು. ಮಾವನವರು ಹಳೆಯ ಟೈ ಕಟ್ಟಿಕೊಂಡು ಮೊದಲ ಸಾಲಿನಲ್ಲಿ ಕೂತಿದ್ದರು, ತೊಡೆಯ ಮೇಲೆ ಚೀಲದಲ್ಲಿ ಆ ಮುಚ್ಚಳ. ಬರಲಾರೆ ಎನ್ನಬಹುದಿತ್ತು. ಬಂದಿದ್ದರು. ಮೇಷ್ಟ್ರು ಒಳ್ಳೆಯ ಮಾತುಗಳನ್ನಾಡಿದರು. ಮರೆತುಹೋದ ಕೈ, ಇಂದು ಸಿಕ್ಕಿದೆ ಎಂದರು. ಆಮೇಲೆ ನನ್ನ ಸಿ.ಡಿ. ಹಾಕಿದರು.

ಜನಕ್ಕೆ ತುಂಬ ಇಷ್ಟವಾಯಿತು. ಅದೇ ಕೆಟ್ಟದ್ದು. ಆ ಓಟ, ಆ ಕೀಚಲು ಟ್ರಂಪೆಟ್ಟುಗಳು. ಎರಡನೇ ಹಾಡಿಗೆ ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಲು ಶುರು ಮಾಡಿದರು. ಯಾರೋ "ಅಚ್ಚಂ ಸರ್ಕಸ್ಸೇ!" ಎಂದು ಮೆಚ್ಚಿ ನಕ್ಕರು. 'ವನ್, ಟೂ' ಎಂಬ ಗಿಳಿದನಿ ಬಂದಾಗಲೆಲ್ಲ ಹಾಲೆಲ್ಲ ನಗೆ. ಮಾವನವರು ತಿರುಗಿ ಒಮ್ಮೆ ಆ ನಗುವವರನ್ನು ನೋಡಿದರು, ಒಮ್ಮೆ ನನ್ನನ್ನು.

ಕೊನೆಗೆ ಮೇಷ್ಟ್ರು ಮಾವನವರಿಗೆ ಶಾಲು ಹೊದಿಸಿ ಮೈಕು ಕೊಟ್ಟರು. "ಮಾಸ್ಟರ್‌ಗಾರು, ರೆಂಡು ಮಾಟಲು."

ಅವರು ತೆಲುಗಿನಲ್ಲಿ ಎರಡೇ ಮಾತು ಆಡಿದರು. "ನಾನು ಬರೆದದ್ದು ಉಸಿರಾಡುವ ಮನುಷ್ಯರಿಗೆ. ಈಗ ನೀವು ಕೇಳಿದ ಬ್ಯಾಂಡು ನಮ್ಮ ಸೊಸೆಯದ್ದು, ಅವಳನ್ನೇ ಸನ್ಮಾನಿಸಿ." ಜನ ಇನ್ನೂ ಜೋರಾಗಿ ನಕ್ಕರು. ಮುದುಕ ಚೆನ್ನಾಗಿ ತಮಾಷೆ ಮಾಡುತ್ತಾನೆ ಎಂದುಕೊಂಡರು. ಮಾವನವರು ಕೆಳಗಿಳಿದು ಬಂದು ಶಾಲು ತೆಗೆದು ನನ್ನ ಮಡಿಲಿಗೆ ಹಾಕಿದರು. ಅದಕ್ಕೂ ಚಪ್ಪಾಳೆ ಬಿತ್ತು. ಹೊರಡುವಾಗ ಎಂಟೋ ಹತ್ತೋ ಜನ ಸಿ.ಡಿ.ಯ ಪ್ರತಿ ಕೇಳಿದರು. ಮೇಷ್ಟ್ರು ಮಾಡಿಕೊಡುವುದಾಗಿ ಮಾತು ಕೊಟ್ಟರು.

ಮರುದಿನ ಬೆಳಗಿನ ರೈಲಿನಲ್ಲಿ ವಿಶಾಖಪಟ್ಟಣಕ್ಕೆ ವಾಪಸು. ಮಾವನವರು ನನ್ನ ಎದುರಿನ ಕಿಟಕಿ ಸೀಟಿನಲ್ಲಿ. ಗೋದಾವರಿ ದಾಟುವವರೆಗೂ ಕಿಟಕಿಯಾಚೆ ನೋಡಿದರು. ಆಮೇಲೆ ಚೀಲದಿಂದ ಮುಚ್ಚಳ ತೆಗೆದು, ಹಾಳೆ ಹರಡಿ, ಬರೆಯಲು ಶುರು ಮಾಡಿದರು. ಯಾರಿಗೆ, ಯಾವ ಬ್ಯಾಂಡಿಗೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಮುಚ್ಚಳ ಓರೆಯಾಗಿತ್ತು, ಒಳಬದಿ ನನ್ನ ಕಡೆ. ತುನಿ ಸ್ಟೇಷನ್ ಹತ್ತಿರ ಆ ಲೋಹದ ಪಟ್ಟಿಯ ಮೇಲೆ ಬಿಸಿಲು ಬಿತ್ತು. 117 ವೋಲ್ಟ್, 60 ಸೈಕಲ್.

ನಮ್ಮ ದೇಶದ ಕರೆಂಟು ಸೆಕೆಂಡಿಗೆ ಐವತ್ತು ಸಲ ಮಿಡಿಯುತ್ತದೆ, ಅಮೆರಿಕದ್ದು ಅರವತ್ತು. ಅಲ್ಲಿಯ ಮೋಟಾರನ್ನು ಇಲ್ಲಿ ಹಾಕಿದರೆ ಆರರಲ್ಲಿ ಐದು ಪಾಲು ವೇಗದಲ್ಲಿ ಮಾತ್ರ ತಿರುಗುತ್ತದೆ. ಮಾವನವರು ಟ್ರಾನ್ಸ್‌ಫಾರ್ಮರ್ ಹಾಕಿದ್ದರು, ಅದು ವೋಲ್ಟೇಜನ್ನು ಸರಿಮಾಡುತ್ತದೆಯೇ ಹೊರತು ಮಿಡಿತವನ್ನಲ್ಲ. ಆ ಯಂತ್ರ ನಿಧಾನವಾಗಿ ಟೇಪು ಮಾಡಿಕೊಂಡಿತ್ತು, ಅಷ್ಟೇ ನಿಧಾನವಾಗಿ ನುಡಿಸುತ್ತಿತ್ತು, ಹಾಗಾಗಿ ಆಗ ಅವರಿಗೆ ಎಲ್ಲ ಸರಿಯಾಗಿಯೇ ಕೇಳಿತ್ತು. ನಾನು ಅದನ್ನು ಸರಿಯಾದ ವೇಗದ ಯಂತ್ರದಲ್ಲಿ ನುಡಿಸಿದ್ದೆ. ಬ್ಯಾಂಡು ಓಡಿತು, ಸ್ವರ ಏರಿತು. ಎಷ್ಟು ಏರಿತೆಂದರೆ, ಬಿ ಫ್ಲಾಟಿನಿಂದ ಸರಿಯಾಗಿ ಡಿ ಫ್ಲಾಟಿಗೆ.

ನನಗೆ ಇದು ಮೊದಲ ಬಾರಿ ಹೊಳೆದದ್ದು ತುನಿಯಲ್ಲಿ, ಆ ಬಿಸಿಲಿನಲ್ಲಿ. ಹಾಗೆಂದು ನಾನು ನನಗೇ ಹೇಳಿಕೊಂಡದ್ದು.

ಮನೆಗೆ ಬಂದು ಎರಡು ದಿನದಲ್ಲಿ ಕಂಪ್ಯೂಟರಿನಲ್ಲಿ ವೇಗ ತಗ್ಗಿಸಿ ಹೊಸ ಸಿ.ಡಿ. ಮಾಡಿದೆ. ಅದನ್ನು ಹಾಕಿದಾಗ ಮಾವನವರು ಕೈಕಟ್ಟಿಕೊಂಡು ಕೂತಿದ್ದರು. ನನಗೆ ಜಾಜ್ ಅಂದರೆ ಇವತ್ತಿಗೂ ಅಷ್ಟಕ್ಕಷ್ಟೆ. ಆದರೂ ಹೇಳುತ್ತೇನೆ, ಅದು ಬೇರೆಯೇ ಬ್ಯಾಂಡು. ಸರ್ಕಸ್ಸು ಹೋಗಿ, ದಪ್ಪ ದೇಹದ ಹದಿನಾಲ್ಕು ಗಂಡಸರು ಅವಸರವಿಲ್ಲದೆ ಹಾಲಿನೊಳಗೆ ಬಂದು ಕೂತ ಹಾಗಿತ್ತು. ಎರಡನೆಯ ಟ್ರಂಪೆಟ್ಟಿನವನು ಎಂಟು ಎಣಿಕೆಗೊಮ್ಮೆ ಉಸಿರು ತೆಗೆದುಕೊಳ್ಳುವುದು ಕೇಳುತ್ತಿತ್ತು. ಆ ಉಸಿರಿನ ಸಂದಿಯಲ್ಲಿ ಬೇರೆ ಯಾರೋ ಸರಿಯಾಗಿ ಒಳಗೆ ಬರುತ್ತಿದ್ದರು. ಉಬ್ಬಸವನ್ನೇ ಲೆಕ್ಕ ಹಾಕಿ ಬರೆದಿದ್ದರು ಈ ಮನುಷ್ಯ. 'ವನ್, ಟೂ' ಎಂದ ಮೂವತ್ತರ ಮಾವನವರದು ಥೇಟ್ ನನ್ನ ಗಂಡನದೇ ದನಿ. ಗಂಡ ಎದ್ದು ಹೊರಗೆ ಹೋದ.

ಹಾಡು ಮುಗಿದ ಮೇಲೆ ಮಾವನವರು ಹೇಳಿದ್ದು, "ಮೂರನೇ ಸ್ಯಾಕ್ಸೊಫೋನು ತಡ. ಅವತ್ತೂ ಬೈದಿದ್ದೆ."

ಆಮೇಲೆ ನನ್ನ ಕಡೆ ತಿರುಗಿ, "ನಿನಗೆ ಯಾವಾಗ ಗೊತ್ತಾಯ್ತು?"

"ನಿನ್ನೆ ಮೊನ್ನೆ. ರೈಲಿನೊಳಗ, ಮಾವಾರ."

"ರೈಲಲ್ಲಿ."

"ಹೌದ್ರಿ. ಮುಚ್ಚಳ ನೋಡಿ."

"ಸುಳ್ಳು ಹೇಳುವಾಗ ನಿನ್ನ ದನಿ ಅರ್ಧ ಸ್ವರ ಮೇಲೆ ಹೋಗುತ್ತೆ ಕಣಮ್ಮಾ" ಎಂದರು. "ರೊಟ್ಟಿ ನೆನ್ನೆಯದಾ ಅಂತ ಕೇಳಿದಾಗ್ಲೂ ಹಾಗೇ ಆಗ್ತಿತ್ತು."

ಆ ವಾರವೇ ಅವರು ಮಗಳ ಮನೆಗೆ ಹೊರಟರು. ಮತ್ತೆ ಪೆಂಡುರ್ತಿಗೆ ಬರಲಿಲ್ಲ.

ನಾನು ಮೇಷ್ಟ್ರಿಗೆ ಹೊಸ ಸಿ.ಡಿ. ಕಳಿಸಿ ಪತ್ರ ಬರೆದೆ. 'ತಾಂತ್ರಿಕ ಕಾರಣಗಳಿಂದ ಹಿಂದಿನ ಪ್ರತಿಯಲ್ಲಿ ವೇಗದ ವ್ಯತ್ಯಾಸವಾಗಿತ್ತು' ಎಂದು. ಆಫೀಸಿನಲ್ಲಿ ಯಾರ ಮೇಲೂ ತಪ್ಪು ಬರದಂತೆ ಬರೆಯುವ ಭಾಷೆ ಅದು, ನನಗೆ ಚೆನ್ನಾಗಿ ಬರುತ್ತದೆ. ಮೇಷ್ಟ್ರು ಫೋನಿನಲ್ಲಿ ನಯವಾಗಿ ನಕ್ಕರು. "ಪರವಾಲೇದಮ್ಮಾ. ಮಾವಯ್ಯಗಾರಿಗೆ ಸಮಾಧಾನವಾಗಲಿ ಅಂತ ನಿಧಾನ ಮಾಡಿದ್ದೀರಿ. ಅರ್ಥವಾಗುತ್ತೆ. ಆದರೆ ಅಸಲಿ ಅಸಲಿಯೇ ಅಲ್ಲವಾ?" ನಾನು ಅದು ಹಾಗಲ್ಲ ಎಂದು ಇನ್ನೊಂದು ಸಲ ಹೇಳಿದೆ, ಮೂರನೇ ಸಲ ಹೇಳಲಿಲ್ಲ. ಮುದುಕನಿಗೆ ಕಿವಿ ಕೆಟ್ಟಿದೆ ಎಂದು ಅವರಿಗೆ ಮೊದಲು ಹೇಳಿದವಳು ನಾನೇ. ವಿಜಯವಾಡದಲ್ಲಿ ಪ್ರತಿಯಿಂದ ಪ್ರತಿಯಾಗುತ್ತ ಹೋದದ್ದು ಸರ್ಕಸ್ಸೇ. ನಾದಿನಿಯ ಆಸ್ಪತ್ರೆಯ ಡಾಕ್ಟರೊಬ್ಬರು ಕಾರಿನಲ್ಲಿ ಅದನ್ನು ಹಾಕಿಕೊಂಡು ಓಡಾಡುತ್ತಾರಂತೆ. ನಾದಿನಿ ಅದನ್ನು ಮನೆಯಲ್ಲಿ ಹೇಳಿ ಅಪ್ಪನಿಂದ ಬೈಸಿಕೊಂಡಳು.

ಎರಡು ವರ್ಷದ ಮೇಲೆ, ಬೇರೇನೋ ಹುಡುಕುತ್ತ ಆ ಬೇಸಿಗೆಯ ಡೈರಿ ತೆರೆದೆ. ಕಾರ್ಯಕ್ರಮಕ್ಕೆ ಒಂಬತ್ತು ದಿನ ಮೊದಲಿನ ಪುಟ. ನನ್ನದೇ ಅಕ್ಷರ: 'ಟೇಪಿನ ಹಮ್ 120ರಲ್ಲಿದೆ. ತೆಗೆದೆ. ಈಗ ಸ್ವಚ್ಛ.'

ಐವತ್ತು ಮಿಡಿಯುವ ಕರೆಂಟಿನ ಗುಂಯ್ ಸದ್ದು ಅದರ ಎರಡರಷ್ಟು, ನೂರು. ಈ ದೇಶದಲ್ಲಿ ಮಾಡಿದ ಯಾವ ಟೇಪಿನಲ್ಲೂ ಅದು ನೂರರಲ್ಲೇ ಇರಬೇಕು. ನೂರ ಇಪ್ಪತ್ತರಲ್ಲಿದೆಯೆಂದರೆ ಟೇಪು ಓಡುತ್ತಿದೆ ಎಂದರ್ಥ, ಐದಕ್ಕೆ ಆರರಂತೆ. ಇದನ್ನು ತಿಳಿಯಲು ನನ್ನ ಡಿಗ್ರಿಯೂ ಬೇಡ, ಮೊದಲ ವರ್ಷದ ಹುಡುಗರಿಗೂ ಗೊತ್ತು. ತಪ್ಪು ಜಾಗದ ಗೆರೆ ನೋಡುವುದೇ ಕೆಲಸವಾದವಳು ಅದನ್ನು ನೋಡಿ, ಬರೆದು, ಆ ಸಂಖ್ಯೆಯನ್ನು ಬೆರಳಿನಿಂದ ಒತ್ತಿ, ಅಳಿಸಿದ್ದಾಳೆ.

ನೋಡಿದಾಗ ನಿಂತೆನೇ? ಒಂದು ಕ್ಷಣವಾದರೂ 'ಇದೇನು' ಎಂದುಕೊಂಡೆನೇ? ಎಷ್ಟು ಕೆದಕಿದರೂ ಸಿಗುವುದಿಲ್ಲ. ಕೆಲವೊಮ್ಮೆ ಸಿಕ್ಕಂತಾಗುತ್ತದೆ, ಪರದೆಯ ಎದುರು ಕೈ ನಿಂತ ಹಾಗೆ, ಒಳಗೆ ಅವರ ಕೆಮ್ಮು ಕೇಳಿದ ಹಾಗೆ. ಅದು ನೆನಪೋ, ತಪ್ಪಿತಸ್ಥೆ ಆಮೇಲೆ ಕಟ್ಟಿಕೊಂಡದ್ದೋ ಹೇಳಲಾರೆ. ಆದರೆ ಜಗಳದ ದಿನ ಅವರು ಟ್ಯೂಬ್‌ಲೈಟು ತೋರಿಸಿ 'ಆ ಗುಂಯ್ ಕೇಳಿಸು' ಎಂದಾಗ, ನಾನು ಅಳಿಸಿದ ಸಂಖ್ಯೆ ನನಗೆ ಗೊತ್ತಿತ್ತು. ಆ ಮಾತನ್ನು ಕಾರ್ಯಕ್ರಮದ ಆಚೆಗೆ ಸರಿಸಿ ಇಟ್ಟುಕೊಂಡಿದ್ದ ನನ್ನ ನೆನಪಿಗೆ ಹಾಗೆ ಸರಿಸಲು ಕಾರಣವಿತ್ತು.

ಡೈರಿ ತೆಗೆದುಕೊಂಡು ವಿಜಯವಾಡಕ್ಕೆ ಹೋದೆ. ಒನ್ ಟೌನಿನ ಆ ಮಹಡಿ ಮನೆ, ಕೆಳಗೆ ಮೆಣಸಿನಕಾಯಿ ಮೂಟೆ ಇಳಿಸುವ ಗದ್ದಲ, ಘಾಟು. ಮಾವನವರು ಬಹಳ ಇಳಿದಿದ್ದರು. ಮುಚ್ಚಳ ತೊಡೆಯ ಮೇಲೇ ಇತ್ತು.

"ರೊಟ್ಟಿ ತಂದಿಲ್ಲ ತಾನೇ?" ಎಂದರು.

"ಇಲ್ರಿ. ಡೈರಿ ತಂದೀನಿ."

"ಓದು."

ಓದಿದೆ. ಮೂರು ವಾಕ್ಯ, ಎಷ್ಟು ಹೊತ್ತು ಬೇಕು.

"ನೂರ ಇಪ್ಪತ್ತು ಅಂದ್ರೆ ಬಿ ಹತ್ತಿರ" ಎಂದರು ಸ್ವಲ್ಪ ಯೋಚಿಸಿ. "ಜಿ ಅಲ್ಲ. ಯಾವತ್ತಿನದು?"

"ಕಾರ್ಯಕ್ರಮಕ್ಕ ಒಂಬತ್ತು ದಿನ ಮೊದಲು."

"ಯಾಕೆ ಹಾಗ್ಮಾಡ್ದೆ?"

ಬರುವಾಗ ರೈಲಿನಲ್ಲಿ ಒಂದು ಉತ್ತರ ಜೋಡಿಸಿಕೊಂಡಿದ್ದೆ, ಗಮನ ತಪ್ಪಿತ್ತು, ಕೆಲಸದ ಒತ್ತಡ ಎಂದೆಲ್ಲ. ಬಾಯಿಗೆ ಬಂದದ್ದು ಬೇರೆ. "ನೀವು ಒಂದು ಸಲನಾದ್ರೂ ತಪ್ಪಾಗ್ಬೇಕಿತ್ತು ನನಗ, ಮಾವಾರ."

ಅವರು ಅದನ್ನು ಕೇಳಿಸಿಕೊಂಡರು. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ನಾದಿನಿಯನ್ನು ಕೂಗಿ ಫೋನು ತರಿಸಿದರು. "ಮೇಷ್ಟ್ರಿಗೆ ಮಾಡು. ನನಗೆ ಹೇಳಿ ಏನ್ ಪ್ರಯೋಜನ, ನನಗೆ ಅವತ್ತೇ ಗೊತ್ತಿತ್ತು. ಅವನಿಗೆ ಹೇಳು. ಆ ತಾಂತ್ರಿಕ ಗೀಂತ್ರಿಕ ಬೇಡ."

ಮೇಷ್ಟ್ರು ಎತ್ತಿದರು. ನಾನು ತೆಲುಗಿನಲ್ಲಿ ಶುರು ಮಾಡಿದೆ: ನಿಧಾನದ ಸಿ.ಡಿ.ಯೇ ಅಸಲಿ, ಮೊದಲಿನದು ತಪ್ಪು, ಕರೆಂಟು, ಅರವತ್ತು, ನೂರ ಇಪ್ಪತ್ತು, ಟೇಪು ಓಡುತ್ತಿದೆಯೆಂದು ತಿಳಿಯುವ ಗುರುತು ನನ್ನ ಕೈಗೆ ಸಿಕ್ಕಿತ್ತು, ನಾನೇ ಅಳಿಸಿದೆ, ಮಾವನವರ ಕಿವಿ ಸರಿಯಾಗಿತ್ತು. ಒಂದೇ ಉಸಿರಿನಲ್ಲಿ ಮುಗಿಸಿಬಿಡಬೇಕೆಂದು ಹೇಳುತ್ತ ಹೋದೆ. ಆ ಕಡೆ ಕಾಗದ ಮಗುಚುವ ಸದ್ದು ಕೇಳಿತು. ಆಮೇಲೆ ಮೇಷ್ಟ್ರು, "ಅಮ್ಮಾ, ಇನ್ನೊಂದು ಸಾರಿ ಹೇಳಿ. ಬರೆದುಕೊಳ್ಳುತ್ತೇನೆ. ಪ್ರತಿ ಇಸಿದುಕೊಂಡವರಿಗೆಲ್ಲ ಹೊಸದರ ಜೊತೆ ಇದನ್ನೂ ಕಳಿಸಬೇಕು" ಎಂದರು. ಆ ದನಿಯಲ್ಲಿ ನಯ ಇರಲಿಲ್ಲ.

ಮತ್ತೆ ಮೊದಲಿಂದ ಶುರು ಮಾಡಿದೆ. ಮಾವನವರು ಕೈಯೆತ್ತಿ ತಡೆದರು.

"ಓಡ್ಬೇಡ. ಬರ್ಕೊಳ್ತಿದಾನೆ."

ಬೆರಳಿನಿಂದ ಮುಚ್ಚಳದ ಮೇಲೆ ನಾಲ್ಕು ಸಲ ತಟ್ಟಿದರು, ಸಮನಾಗಿ, ನಾಲ್ಕನೆಯದು ಮುಂಚೆ ಬೀಳದಂತೆ. ಆಮೇಲೆ ನನ್ನ ಕಡೆ ತಲೆಯಾಡಿಸಿದರು, ಊದು ಎನ್ನುವ ಹಾಗೆ. ನಾನು ಆ ವೇಗದಲ್ಲೇ ಹೇಳತೊಡಗಿದೆ.